‘ಎಂತ ಆಯ್ತೇ ಕೈಗೆ?’ ಅಂತ ಕೇಳಿದ್ರೆ ಏನ್ ಹೇಳೋದು

ಹೋದ ತಿಂಗಳು ಇದೇ ಅಂಕಣದಲ್ಲಿ ಹೊಸನಗರ ಕಡೆಯವರೊಬ್ರು ಇಂಬಳ ಕಚ್ಚಿದ ಜಾಗ ಕೆರೆದು ಕೆರೆದು ಕಪ್ಪಾಗಿದೆ ಏನ್ಮಾಡ್ಲಿ ಅಂತ ಕೇಳಿದ್ರು. ಅದಕ್ಕೆ ಉತ್ತರ ಬರೀತಾ ಕೊನೇಲಿ ಒಂದು ಸಾಲು ಸೇರಿಸಿದ್ದೆ, ತಾವೇ ಮಾಡ್ಕೊಂಡ ಗಾಯದ ಕಲೆ ಇದ್ರೂ ನಾಚ್ಕೊಳ್ದೆ ಬರೀರಿ ಅಂತ. ಒಂದೇ ಸಾಲು ಅದು. ಆಮೇಲೆ ಬಂದ ಪತ್ರಗಳನ್ನ ಓದಿ ಕ್ಲಿನಿಕ್ ಬಾಗಿಲು ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇಷ್ಟು ಜನ ನಮ್ಮ ಶಿವಮೊಗ್ಗದ ಸುತ್ತಮುತ್ತಲೇ ಬೇಸಿಗೇಲೂ ಪೂರ್ತಿ ತೋಳು ಹಾಕ್ಕೊಂಡು ಓಡಾಡ್ತಿದಾರಲ್ಲ ಅನ್ನಿಸ್ತು. ಐದು ಪತ್ರ ಆರಿಸಿದೀನಿ. ಹೆಸರು ತೆಗೆದು ಒಂದೆರಡು ವಿವರ ಬೇಕಂತ್ಲೇ ಬದಲಾಯಿಸಿದೀನಿ, ಯಾರು ಅಂತ ಲೆಕ್ಕ ಹಾಕೋಕೆ ಹೋಗ್ಬೇಡಿ. ಹೇಗೆ ಗಾಯ ಮಾಡ್ಕೊಂಡ್ರು ಅನ್ನೋ ಭಾಗಾನೂ ತೆಗೆದಿದೀನಿ, ಅದು ಓದೋರಿಗೆ ಬೇಕಿಲ್ಲ.

ಪ್ರಶ್ನೆ: ಅಕ್ಕಾ, ನಂದು ತೀರ್ಥಹಳ್ಳಿ ಕಡೆ, 24 ವರ್ಷ. ಪಿಯುಸಿ ಟೈಮಲ್ಲಿ ಮನೇಲಿ ಗಲಾಟೆ, ಓದಿನ ಟೆನ್ಶನ್ ಎಲ್ಲ ಸೇರಿ ಎಡಗೈಗೆ ನಾನೇ ಗಾಯ ಮಾಡ್ಕೊಳ್ತಿದ್ದೆ. ಬಿಟ್ಟು ಆರು ವರ್ಷ ಆಯ್ತು, ಈಗ ಚೆನ್ನಾಗಿದೀನಿ, ಕೆಲಸಕ್ಕೂ ಹೋಗ್ತಿದೀನಿ. ಆದ್ರೆ ಬಿಳಿ ಗೆರೆಗಳು ಹಾಗೇ ಉಳ್ಕೊಂಡಿದಾವೆ. ವೈಶಾಖದಲ್ಲಿ ಮದುವೆ, ಇನ್ನು ಐದು ತಿಂಗಳಿದೆ. ಮದುವೆಗಿಂತ ನಂಗೆ ಹೆದರಿಕೆ ಬಳೆ ಇಡಿಸೋ ದಿನದ್ದು. ಬಳೆಗಾರ್ತಿ ಕೈ ಹಿಡ್ಕೊಂಡು ಕೂತ್ಕೋತಾಳೆ, ಸುತ್ತ ಎರಡೂ ಮನೆ ಹೆಂಗಸ್ರು. ನಿಂಬೆಹಣ್ಣು ಉಜ್ಜಿದೆ, ಅರಿಶಿನ ಹಚ್ಚಿದೆ, ಮೆಡಿಕಲ್ ಶಾಪಲ್ಲಿ ಕೊಟ್ಟ ಕ್ರೀಮ್ ಮೂರು ತಿಂಗಳು ಹಚ್ಚಿದೆ, ಏನೂ ಆಗ್ಲಿಲ್ಲ. ಹುಡುಗನಿಗೆ ಹೇಳ್ಬೇಕಾ ಬೇಡ್ವಾ ಅಂತಾನೂ ಗೊತ್ತಾಗ್ತಿಲ್ಲ.

ಉತ್ತರ: ತಂಗೀ, ಮೊದ್ಲು ಆ ನಿಂಬೆಹಣ್ಣು ಬಿಡು, ಸಾರಿಗೆ ಹಿಂಡು. ನಿಂಬೆರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ರೆ ಸುಟ್ಟ ಹಾಗೆ ಗುಳ್ಳೆ ಎದ್ದು ಆಮೇಲೆ ತಿಂಗಳುಗಟ್ಟಲೆ ಕಪ್ಪು ಪಟ್ಟೆ ಉಳಿಯುತ್ತೆ, ಇರೋ ಗೆರೆ ಸಾಲ್ದು ಅಂತ ಇದೊಂದು ಬೇರೆ. ಅರಿಶಿನ ಹಳದಿ ಮಾಡುತ್ತೆ ಅಷ್ಟೇ. ನಂಗೆ ಚಿಂತೆ ಆಗಿದ್ದು ಮೆಡಿಕಲ್ ಶಾಪ್ ಕ್ರೀಮ್‌ದು. ಟ್ಯೂಬ್ ಇನ್ನೂ ಇದ್ರೆ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದು, ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಈ ಥರ ಹೆಸರು ಇದ್ರೆ ಅದು ಸ್ಟಿರಾಯ್ಡ್. ತಿಂಗಳಾನುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗುತ್ತೆ, ನರ ಕಾಣೋಕೆ ಶುರುವಾಗುತ್ತೆ. ಡಾಕ್ಟರ್ ಚೀಟಿ ಇಲ್ದೆ ಇಂಥ ಕ್ರೀಮ್ ಮಾರೋ ಹಾಗಿಲ್ಲ ಅಂತ 2018ರಲ್ಲೇ ನಿಯಮ ಬಂದಿದೆ, ಆದ್ರೂ ಕೌಂಟರ್ ಮೇಲೆ ಕೊಡ್ತಾನೇ ಇರ್ತಾರೆ.

ಈಗ ಗೆರೆ ವಿಷ್ಯಕ್ಕೆ ಬರೋಣ, ಇದನ್ನ ನೇರವಾಗೇ ಹೇಳ್ತೀನಿ, ಸುಳ್ಳು ಆಸೆ ಇಟ್ಕೊಂಡು ಇನ್ನೂ ನಾಲ್ಕು ಟ್ಯೂಬ್ ತಗೊಳ್ಳೋದು ಬೇಡ. ಕಲೆ ಬದಲಾಗೋದು ಹೆಚ್ಚು ಕಮ್ಮಿ ಮೊದಲ ಒಂದೂವರೆ ಎರಡು ವರ್ಷ. ಕೆಂಪಗೆ ಇದ್ದಿದ್ದು ಕಂದು ಆಗುತ್ತೆ, ಉಬ್ಬಿದ್ದು ತಗ್ಗುತ್ತೆ, ಕೊನೆಗೆ ಬಿಳಿ ಆಗಿ ನಿಲ್ಲುತ್ತೆ. ನಿಂದು ನಿಂತು ಆಗಿದೆ. ಬಿಳಿ ಗೆರೆ ಅಂದ್ರೆ ಆ ಜಾಗದಲ್ಲಿ ಬಣ್ಣ ಕೊಡೋ ಕಣಗಳು ಸರಿಯಾಗಿ ಉಳಿದಿಲ್ಲ ಅಂತ ಅರ್ಥ, ಅದಕ್ಕೆ ಬಣ್ಣ ತರೋ ಕ್ರೀಮ್ ಇಲ್ಲ. ಸಿಲಿಕೋನ್ ಜೆಲ್ ಹೊಸ ಕಲೆಗೆ, ಉಬ್ಬಿದ ಕಲೆಗೆ ಚೆನ್ನಾಗಿ ಕೆಲಸ ಮಾಡುತ್ತೆ, ಆರು ವರ್ಷದ ಚಪ್ಪಟೆ ಗೆರೆಗೆ ಹಾಕೋ ದುಡ್ಡಲ್ಲಿ ಒಂದು ಒಳ್ಳೆ ಸೀರೆ ಬರುತ್ತೆ.

ಬಿಸಿಲಿನ ವಿಷ್ಯ ಮಾತ್ರ ನಿನ್ನ ಕೈಯಲ್ಲೇ ಇದೆ. ನೀನು ಪತ್ರದ ಕೊನೇಲಿ ರಜೆ ಬಂದ್ರೆ ಮನೇಲಿ ಅಡಿಕೆ ಒಣಗಿಸೋಕೆ ಕೈಜೋಡಿಸ್ತೀನಿ ಅಂತ ಬರ್ದಿದೀಯ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿ ಎರಡು ತಾಸು ಕೈಯಾಡಿಸಿದ್ರೆ ಸುತ್ತಲ ಚರ್ಮ ಕಪ್ಪಾಗುತ್ತೆ, ಬಿಳಿ ಗೆರೆ ಮಾತ್ರ ಬಿಸಿಲಿಗೂ ಬಗ್ಗಲ್ಲ, ಹಾಗಾಗಿ ಜನವರಿಗಿಂತ ಮಾರ್ಚಲ್ಲಿ ಅದು ಜಾಸ್ತಿ ಎದ್ದು ಕಾಣುತ್ತೆ. ಗೆರೆ ಬೆಳೆದಿದ್ದಲ್ಲ, ಸುತ್ತಲಿಂದು ಕಪ್ಪಾಗಿದ್ದು. ಎಸ್‌ಪಿಎಫ್ 30 ಇಲ್ಲ ಅದಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಎರಡೂ ಕೈಗೆ ಧಾರಾಳವಾಗಿ ಹಚ್ಚು, ಬಿಸಿಲಲ್ಲಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚು, ಅಂಗಳದ ಕೆಲಸಕ್ಕೆ ಹಳೇ ಪೂರ್ತಿ ತೋಳಿನ ಅಂಗಿ ಹಾಕ್ಕೋ. ಐದು ತಿಂಗಳಲ್ಲಿ ಇದೊಂದರಿಂದಲೇ ವ್ಯತ್ಯಾಸ ಕಾಣುತ್ತೆ.

ಲೇಸರ್ ಇದೆ, ಸಣ್ಣ ಸೂಜಿಗಳಿಂದ ಮಾಡೋ ಮೈಕ್ರೋನೀಡ್ಲಿಂಗ್ ಇದೆ. ಎರಡೂ ಗೆರೆಯ ಅಂಚನ್ನ ನುಣುಪು ಮಾಡ್ತಾವೆ, ಕೈ ಸವರಿದ್ರೆ ಗೊತ್ತಾಗದ ಹಾಗೆ ಆಗ್ಬಹುದು, ಅಳಿಸಿ ಹಾಕಲ್ಲ. ಪೂರ್ತಿ ತೆಗೀತೀವಿ ಅಂತ ಯಾರಾದ್ರೂ ಬೋರ್ಡ್ ಹಾಕಿದ್ರೆ ಆ ಮೆಟ್ಟಿಲು ಹತ್ಬೇಡ. ನಾಲ್ಕೈದು ಸಲ ಹೋಗ್ಬೇಕು, ಸಲಕ್ಕೂ ಸಲಕ್ಕೂ ತಿಂಗಳಷ್ಟು ಗ್ಯಾಪ್ ಬೇಕು, ನಮ್ಮ ಕಂದು ಚರ್ಮಕ್ಕೆ ಲೇಸರ್ ತಾಗಿದ ಜಾಗ ಕಪ್ಪಾಗೋ ಚಾನ್ಸ್ ಇದೆ, ಅದಕ್ಕೆ ಮೊದ್ಲು ಕಾಣದ ಕಡೆ ಒಂದಿಂಚು ಜಾಗದಲ್ಲಿ ಟೆಸ್ಟ್ ಮಾಡಿ ಅಂತ ಕೇಳ್ಬೇಕು. ಮದುವೆಗೆ ಮುಂಚಿನ ಒಂದೂವರೆ ತಿಂಗಳಲ್ಲಂತೂ ಏನೂ ಮಾಡಿಸ್ಬೇಡ. ನನ್ನ ಕೇಳಿದ್ರೆ ಲೇಸರ್ ಏನಿದ್ರೂ ಮದುವೆ ಆದ್ಮೇಲೆ, ಆಗ್ಲೂ ಬೇಕು ಅನ್ನಿಸಿದ್ರೆ.

ಆ ಒಂದು ದಿನಕ್ಕೆ ಬೇಕಿರೋದು ಕವರ್ ಕ್ರೀಮ್. ಬೆಂಗಳೂರಿಗೇ ಹೋಗ್ಬೇಕಂತಿಲ್ಲ, ಶಿವಮೊಗ್ಗದಲ್ಲೂ ಸಿಗುತ್ತೆ, ವಾಟರ್‌ಪ್ರೂಫ್ ಅಂತ ಬರೆದಿರೋದು ತಗೋ, ನಿನ್ನ ಕೈ ಬಣ್ಣಕ್ಕೆ ಹೊಂದೋದು, ಮುಖದ ಬಣ್ಣಕ್ಕಲ್ಲ. ಅಂಗಡಿ ಟ್ಯೂಬ್‌ಲೈಟಲ್ಲಿ ನೋಡಿ ತಗೊಳ್ಳೋದು ತಪ್ಪು, ಹಚ್ಕೊಂಡು ಬಾಗಿಲ ಹೊರಗೆ ಬೆಳಕಲ್ಲಿ ನೋಡು. ಉಂಗುರದ ಬೆರಳಲ್ಲಿ ತಟ್ಟಿ ತಟ್ಟಿ ಹಚ್ಚು, ಉಜ್ಜಿದ್ರೆ ಗೆರೆ ಮೇಲಿಂದ ಜಾರಿ ಪಕ್ಕಕ್ಕೆ ಹೋಗುತ್ತೆ. ಐದು ನಿಮಿಷ ಬಿಟ್ಟು ಪೌಡರ್ ಒತ್ತು, ಆಮೇಲೆ ಒದ್ದೆ ಕರ್ಚೀಫ್ ಮೆಲ್ಲಗೆ ಒತ್ತಿ ನೋಡು, ಬಣ್ಣ ಬಂತಾ? ಬಂದ್ರೆ ಇನ್ನೊಂದು ಪೌಡರ್. ಇದನ್ನ ಮದುವೆಗೆ ಎರಡು ವಾರ ಮುಂಚೆ ಒಂದ್ಸಲ ಪೂರ್ತಿ ಮಾಡಿ ನೋಡು, ತುರಿಕೆ ಬರುತ್ತಾ ಅಂತಾನೂ ಆವಾಗ್ಲೇ ಗೊತ್ತಾಗುತ್ತೆ. ಮೆಹಂದಿಲಿ ಮುಚ್ಚೋಣ ಅಂತ ಕಪ್ಪು ಮೆಹಂದಿ ಹಾಕಿಸ್ಬೇಡ, ಅದರಲ್ಲಿ ಹೇರ್ ಡೈಲಿರೋ ಪಿಪಿಡಿ ಬೆರೆಸಿರ್ತಾರೆ, ಬೊಬ್ಬೆ ಎದ್ದು ಬಂದಿರೋ ಮದುಮಕ್ಕಳನ್ನ ಪ್ರತೀ ಸೀಸನ್ ನೋಡ್ತೀನಿ.

ಬಳೆ ದಿನದ್ದು ಒಂದು ಸಣ್ಣ ವಿಷ್ಯ ಇದೆ, ನೀನು ಯೋಚ್ನೆ ಮಾಡಿರಲ್ಲ. ಬಳೆಗಾರ್ತಿ ಬಳೆ ಜಾರಲಿ ಅಂತ ಸೋಪು ನೀರು ಹಚ್ತಾಳೆ, ಕವರ್ ಕ್ರೀಮ್ ಅರ್ಧ ಅದಕ್ಕೇ ಹೋಗುತ್ತೆ. ಸೋಪಿನ ಬದ್ಲು ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ ಅದ್ರ ಮೇಲಿಂದ ಏರಿಸೋದು ಈಗ ಎಲ್ಲ ಕಡೆ ರೂಢಿ ಆಗಿದೆ, ಅದನ್ನೇ ಕೇಳು, ಅಳತೆ ಮೊದ್ಲೇ ಕೊಟ್ಟಿರು, ಬಲಗೈ ಮೊದ್ಲು ಕೊಡು. ಅವಳ ಕಣ್ಣಿರೋದು ನಿನ್ನ ಬೆರಳ ಗೆಣ್ಣಿನ ಮೇಲೆ, ಬಳೆ ಒಡೀಬಾರ್ದು ಅನ್ನೋದೊಂದೇ ಅವಳಿಗೆ. ಎರಡು ಡಜನ್ ಹಸಿರು ಗಾಜಿನ ಬಳೆ ಏರಿದ್ಮೇಲೆ ಮಣಿಕಟ್ಟಿಂದ ಮೇಲಕ್ಕೆ ಸುಮಾರು ಜಾಗ ತಾನಾಗೇ ಮುಚ್ಚಿಹೋಗುತ್ತೆ.

ಆದ್ರೂ ಯಾರೋ ಒಬ್ಬ ಚಿಕ್ಕಮ್ಮ ಕೇಳೇ ಕೇಳ್ತಾರೆ ಅಂತ ಇಟ್ಕೋ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಗೆರೆ ಇದೆ, ಏಳನೇ ಕ್ಲಾಸಲ್ಲಿ ಅಡಿಕೆ ಸುಲಿಯೋವಾಗ ಮೆಟ್ಟುಗತ್ತಿ ತಾಗಿದ್ದು. ನಮ್ಮೂರಲ್ಲಿ ಸುಲಿಯೋ ಹೆಂಗಸರ ಕೈಯೆಲ್ಲ ಹೀಗೇ, ಚೊಗರಿಗೆ ಕಪ್ಪಾಗಿರ್ತಾವೆ, ನಡುನಡುವೆ ಗೆರೆ. ಇವತ್ತಿಗೂ ಯಾರಾದ್ರೂ ‘ಎಂತ ಆಯ್ತೇ ಕೈಗೆ’ ಅಂತಾರೆ, ನಾನು ಉತ್ತರ ಹೇಳೋ ಹೊತ್ತಿಗೆ ಅವರು ಎಲೆ ಅಡಿಕೆ ತಟ್ಟೆ ಕಡೆ ನೋಡ್ತಿರ್ತಾರೆ. ನಿಂಗೆ ಕೇಳೋರಲ್ಲೂ ಹತ್ತಕ್ಕೆ ಎಂಟು ಜನ ಇಂಥೋರೇ. ಅದಕ್ಕೆ ‘ಹಳೇ ಗಾಯ ಚಿಕ್ಕಮ್ಮ, ವಾಸಿ ಆಗಿದೆ, ಕಾಫಿ ಬಂತಾ ನಿಮ್ಗೆ?’ ಅಷ್ಟೇ. ಬೆಕ್ಕು ಪರಚಿದ್ದು, ಬೇಲಿ ಗೀರಿದ್ದು ಅಂತೆಲ್ಲ ಕಥೆ ಕಟ್ಟೋದು ಬೇಡ ಅಂತೀನಿ, ನೀತಿ ಪಾಠಕ್ಕಲ್ಲ, ಯಾರಿಗೆ ಬೆಕ್ಕು ಯಾರಿಗೆ ಬೇಲಿ ಅಂತ ನೆನಪಿಟ್ಕೊಳ್ಳೋದು ಯಾರಿಗೆ ಬೇಕು ಮಾರಾಯ್ತಿ. ‘ಹಳೇ ಗಾಯ’ ಅನ್ನೋದು ನಿಜಾನೂ ಹೌದು, ಮುಂದಿನ ಪ್ರಶ್ನೆಗೆ ಜಾಗಾನೂ ಕೊಡಲ್ಲ.

ಹುಡುಗನಿಗೆ ಮಾತ್ರ ಹೇಳು, ಮದುವೆಗೆ ಮುಂಚೆ ಹೇಳು. ಹೇಗಿದ್ರೂ ನೋಡೇ ನೋಡ್ತಾನೆ, ನೋಡಿ ಕೇಳೋದಕ್ಕಿಂತ ನೀನಾಗೇ ಹೇಳಿದ್ರೆ ಮಾತು ನಿನ್ನ ಹಿಡಿತದಲ್ಲಿರುತ್ತೆ. ಫೋನಲ್ಲಿ ಬೇಡ, ಹೋಟೆಲ್ ಟೇಬಲ್ಲಲ್ಲೂ ಬೇಡ, ತುಂಗೆ ಹೊಳೆದಂಡೆ ಕಡೆ ಒಂದ್ ರೌಂಡ್ ನಡ್ಕೊಂಡು ಹೋಗುವಾಗ ಹೇಳು, ನಡೀವಾಗ ಮುಖ ಮುಖ ನೋಡ್ಬೇಕಾಗಿರಲ್ಲ, ಮಾತು ಸಲೀಸು. ‘ಪಿಯುಸಿಲಿ ತುಂಬ ಕಷ್ಟದ ಟೈಮ್ ಇತ್ತು, ಆಗ ಕೈಗೆ ಗಾಯ ಮಾಡ್ಕೊಳ್ತಿದ್ದೆ, ನಿಲ್ಲಿಸಿ ಆರು ವರ್ಷ ಆಯ್ತು, ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ.’ ಇಷ್ಟು ಸಾಕು. ಕ್ಷಮೆ ಕೇಳೋ ಧಾಟಿಲಿ ಹೇಳ್ಬೇಡ, ತಪ್ಪೇನು ಮಾಡಿದೀಯ? ಅವನು ಎರಡು ದಿನ ಸಪ್ಪಗಿದ್ರೆ ಇರ್ಲಿ, ಅರಗಿಸ್ಕೊಳ್ಳೋಕೆ ಟೈಮ್ ಬೇಕು. ಹಂಗಿಸಿದ್ರೆ, ಇಲ್ಲಾ ಮನೆಯವರಿಗೆಲ್ಲ ಹೇಳ್ತೀನಿ ಅಂತ ಹೆದರಿಸಿದ್ರೆ, ಅದು ಛತ್ರ ಬುಕ್ ಆಗೋಕೆ ಮುಂಚೆ ಗೊತ್ತಾಗಿದ್ದೇ ಒಳ್ಳೇದಾಯ್ತು. ಅತ್ತೆಗೆ ಹೇಳೋ ಜರೂರತ್ತಿಲ್ಲ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಎರಡನೇ ವರ್ಷ. ನನ್ನ ಕಲೆಗಳು ಎಂಟು ತಿಂಗಳದ್ದು, ಸ್ವಲ್ಪ ಉಬ್ಬಿವೆ, ಕಂದು ಕೆಂಪು ಬಣ್ಣ. ವಾರ್ಡಲ್ಲಿ ಅರ್ಧ ತೋಳಿನ ಯೂನಿಫಾರ್ಮು, ಮೊಣಕೈವರೆಗೆ ಕೈ ತೊಳೀತಾನೇ ಇರ್ಬೇಕು, ಮುಚ್ಚೋಕೆ ಆಗಲ್ಲ. ಹೋದ ವಾರ ಬಿಪಿ ನೋಡುವಾಗ ಒಬ್ಬ ಅಜ್ಜಿ ಕೈ ಹಿಡ್ಕೊಂಡು ‘ಇದೆಂತದೇ ಮಗಾ’ ಅಂದ್ರು, ನಂಗೆ ಅಳು ಬಂದು ಬಾತ್‌ರೂಮಿಗೆ ಓಡಿದೆ. ಕ್ಲಾಸಲ್ಲಿ ಇಬ್ರು ಪಿಸುಪಿಸು ಅಂತಾರೆ. ಇಂಥ ಕೈ ಇಟ್ಕೊಂಡು ನಾನು ನರ್ಸ್ ಆಗ್ಬಹುದಾ?

ಉತ್ತರ: ಆಗ್ಬಹುದು. ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಕೊಟ್ಬಿಟ್ಟೆ. ತನಗೆ ತಾನೇ ಗಾಯ ಮಾಡ್ಕೊಳ್ಳೋರಿಗೆ ಇವತ್ತು ಪ್ರಪಂಚದಲ್ಲೆಲ್ಲ ಕೊಡೋ ಡಿಬಿಟಿ ಅನ್ನೋ ಚಿಕಿತ್ಸೆ ರೂಪಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹನ್. ಅವರ ಕೈ ಮೇಲೂ ಕಲೆಗಳಿವೆ. ಹದಿನೇಳನೇ ವಯಸ್ಸಲ್ಲಿ ತಾವೇ ಆಸ್ಪತ್ರೇಲಿ ಅಡ್ಮಿಟ್ ಆಗಿದ್ದವರು, ಒಬ್ಬ ಪೇಷಂಟ್ ಆ ಕಲೆ ನೋಡಿ ನೀವೂ ನಮ್ಮವರೇನಾ ಅನ್ನೋ ಅರ್ಥದಲ್ಲಿ ಕೇಳಿಬಿಟ್ರಂತೆ, ಕೊನೆಗೆ 2011ರಲ್ಲಿ ಅದೇ ಆಸ್ಪತ್ರೇಲಿ ನಿಂತು ತಮ್ಮ ಕಥೆ ಬಹಿರಂಗವಾಗಿ ಹೇಳ್ಕೊಂಡ್ರು. ಅಷ್ಟು ವರ್ಷ ಹೇಳ್ದೆ ಇದ್ರೂ ಕೆಲಸ ನಿಂತಿರಲಿಲ್ಲ ಅನ್ನೋದನ್ನೂ ನೋಡು, ಯಾವಾಗ ಹೇಳ್ಬೇಕು ಹೇಳ್ಬೇಕಾ ಅನ್ನೋದು ಅವರದ್ದೇ ತೀರ್ಮಾನ ಆಗಿತ್ತು.

ನಿನ್ನ ಕಲೆ ಎಂಟೇ ತಿಂಗಳದ್ದು, ಉಬ್ಬಿದೆ, ಅಂದ್ರೆ ಇನ್ನೂ ಬದಲಾಗ್ತಿದೆ. ಸಿಲಿಕೋನ್ ಕೆಲಸ ಮಾಡೋದು ಇಂಥದಕ್ಕೇ. ಜೆಲ್ ಇದೆ, ಅಂಟಿಸೋ ಶೀಟ್ ಇದೆ. ಶೀಟ್ ಆದ್ರೆ ದಿನಕ್ಕೆ ಹನ್ನೆರಡು ಗಂಟೆಗಿಂತ ಕಮ್ಮಿ ಇಲ್ದೆ, ಕನಿಷ್ಠ ಎರಡು ಮೂರು ತಿಂಗಳು. ಸಂಜೆ ಹಾಸ್ಟೆಲಿಗೆ ಬಂದ ತಕ್ಷಣ ಹಾಕಿ ಬೆಳಿಗ್ಗೆ ತೆಗೆದ್ರೆ ಲೆಕ್ಕ ಸರಿ ಹೋಗುತ್ತೆ. ಆದ್ರೆ ನಮ್ಮ ಮಳೆಗಾಲದಲ್ಲಿ, ಒಗೆದ ಬಟ್ಟೆ ನಾಲ್ಕು ದಿನ ಆದ್ರೂ ಮುಗ್ಗುಲು ವಾಸನೆ ಹೊಡೆಯೋ ಆಗುಂಬೆ ಕಡೆ ಊರಿಗೆ ಹೋದಾಗಂತೂ ಶೀಟ್ ಅಂಟೋದೇ ಇಲ್ಲ, ಅಡಿಯಲ್ಲಿ ಬೆವರು ಸೇರಿ ಸಣ್ಣ ಗುಳ್ಳೆ ಏಳುತ್ತೆ, ಆಗ ಜೆಲ್‌ಗೆ ಬದಲಾಯಿಸ್ಕೋ, ತೆಳ್ಳಗೆ ದಿನಕ್ಕೆರಡು ಸಲ. ಶೀಟನ್ನ ದಿನಾ ಸೋಪಲ್ಲಿ ತೊಳೆದು ಒಣಗಿಸು. ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಎರಡು ಬೆರಳಲ್ಲಿ ಒತ್ತಿ ವೃತ್ತಾಕಾರವಾಗಿ ಐದು ನಿಮಿಷ ಮಸಾಜ್. ವಿಟಮಿನ್ ಇ ಮಾತ್ರೆ ಒಡೆದು ಹಚ್ಚು ಅಂತ ಫ್ರೆಂಡ್ಸ್ ಹೇಳ್ತಾರೆ, ಬೇಡ, ಉಪಯೋಗ ಆಗುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಅಲರ್ಜಿ ಮಾತ್ರ ಕೆಲವರಿಗೆ ಗ್ಯಾರಂಟಿ.

ಅಜ್ಜಿಗೆ ಹೇಳೋ ಉತ್ತರ ಇವತ್ತು ರಾತ್ರಿ ಕನ್ನಡಿ ಮುಂದೆ ಹತ್ತು ಸಲ ಬಾಯಿಬಿಟ್ಟು ಹೇಳು, ಮನಸ್ಸಲ್ಲಲ್ಲ. ‘ಹಳೇದು ಅಜ್ಜಿ, ಈಗ ಹುಷಾರಾಗಿದೀನಿ, ಕೈ ಸಡಿಲ ಬಿಡಿ ಬಿಪಿ ನೋಡ್ತೀನಿ.’ ಅಳು ಬಂದಿದ್ದು ಅಜ್ಜಿ ಕೆಟ್ಟದಾಗಿ ಕೇಳಿದ್ರು ಅಂತಲ್ಲ, ಪ್ರೀತಿಯಿಂದ ಕೇಳಿದ್ರು ಅಂತ, ಅಲ್ವಾ? ಉತ್ತರ ನಾಲಿಗೆ ತುದೀಲಿ ಇದ್ರೆ ಆ ಕ್ಷಣ ದಾಟಿಹೋಗುತ್ತೆ. ಪಿಸುಪಿಸು ಅನ್ನೋ ಇಬ್ರಿಗೆ ಬೇರೆ ಉತ್ತರ, ನೇರ ಹೋಗಿ ‘ನನ್ನ ಕೈ ಬಗ್ಗೆ ಮಾತಾಡ್ತಿದ್ರೆ ನನ್ನೆದುರೇ ಮಾತಾಡಿ, ಅದು ನನ್ನ ಪರ್ಸನಲ್ ವಿಷ್ಯ, ಹೇಳೋಕೆ ಇಷ್ಟ ಇಲ್ಲ’ ಅನ್ನು. ಧ್ವನಿ ನಡುಗಿದ್ರೂ ಪರ್ವಾಗಿಲ್ಲ. ಆದ್ರೆ ಎಲ್ಲರಿಗೂ ಬಾಗಿಲು ಹಾಕ್ಬೇಡ, ಟ್ಯೂಟರೋ ರೂಮ್‌ಮೇಟೋ ಒಬ್ರಿಗಾದ್ರೂ ಪೂರ್ತಿ ಗೊತ್ತಿರ್ಲಿ. ಎಂಟು ತಿಂಗಳು ಅಂದ್ರೆ ತೀರಾ ಹಳೇದೇನಲ್ಲ, ಪರೀಕ್ಷೆ ಟೈಮಲ್ಲಿ ಮತ್ತೆ ಹಾಗೆ ಅನ್ನಿಸ್ಬಹುದು. ಮೆಗ್ಗಾನ್ ಆಸ್ಪತ್ರೇಲಿ ಮನೋರೋಗ ವಿಭಾಗ ಇದೆ, ಚರ್ಮದ ವಿಭಾಗಾನೂ ಇದೆ, ಒಂದೇ ದಿನ ಎರಡೂ ಕಡೆ ತೋರಿಸ್ಕೊಂಡು ಬರ್ಬಹುದು.

ಮತ್ತೆ ಕೇಳೋ ಅಭ್ಯಾಸ ಇರೋರಿಗೆ ನಂದೊಂದು ಮಾತು. ಕಂಡ್ರೆ ಕಂಡಿತು ಬಿಡಿ, ಕೈ ಹಿಡಿದು ತಿರುಗಿಸಿ ಬೆಳಕಿಗೆ ಹಿಡಿದು ನೋಡ್ಬೇಡಿ, ಅದೇನು ಮಾವಿನಕಾಯಾ?

ಪ್ರಶ್ನೆ: ಡಾಕ್ಟ್ರೇ, ಭದ್ರಾವತಿ, 21 ವರ್ಷ, ಹುಡುಗ. ಭುಜದ ಹತ್ರ ನಾನೇ ಮಾಡ್ಕೊಂಡ ಗಾಯ ವಾಸಿ ಆಗಿ ಎರಡು ವರ್ಷದ ಮೇಲೆ ಉಬ್ಬಿ ದಪ್ಪ ಆಗಿ ಗಾಯಕ್ಕಿಂತ ದೊಡ್ಡದಾಗಿ ಬೆಳೀತಿದೆ, ತುರಿಕೆ. ಗೆಳೆಯರು ಅದ್ರ ಮೇಲೆ ಟ್ಯಾಟೂ ಹಾಕ್ಸು ಮಚ್ಚಾ ಅಂತಾರೆ. ಹಾಕಿಸ್ಲಾ?

ಉತ್ತರ: ಬೇಡ ಮಾರಾಯ. ನೀನು ಹೇಳ್ತಿರೋದು ಕೆಲಾಯ್ಡ್ ಥರ ಇದೆ, ಗಾಯದ ಗಡಿ ದಾಟಿ ಬೆಳೆಯೋದೇ ಅದ್ರ ಗುರುತು, ಭುಜ, ಎದೆ, ಕಿವಿ ಹಾಲೆ ಅದಕ್ಕೆ ಇಷ್ಟದ ಜಾಗ. ಟ್ಯಾಟೂ ಸೂಜಿ ಚುಚ್ಚಿದಷ್ಟೂ ಹೊಸ ಗಾಯ, ಹೊಸ ಗಾಯಕ್ಕೆ ಹೊಸ ಕೆಲಾಯ್ಡ್. ಕತ್ತರಿಸಿ ತೆಗೆಸಿದ್ರೂ ಬರೀ ಆಪರೇಷನ್ ಒಂದೇ ಆದ್ರೆ ಬಹಳಷ್ಟು ಸಲ ಮತ್ತೆ ಬರುತ್ತೆ, ಮೊದಲಿಗಿಂತ ದೊಡ್ಡದಾಗೂ ಬರ್ಬಹುದು. ಚರ್ಮದ ಡಾಕ್ಟರ್ ಹತ್ರ ಹೋಗು, ಟ್ರಯಾಮ್ಸಿನೋಲೋನ್ ಅನ್ನೋ ಇಂಜೆಕ್ಷನ್ ಅದರೊಳಗೇ ಕೊಡ್ತಾರೆ, ನಾಲ್ಕರಿಂದ ಆರು ವಾರಕ್ಕೊಮ್ಮೆ. ನೋವಾಗುತ್ತೆ, ಸುಳ್ಳು ಹೇಳಲ್ಲ. ತುರಿಕೆ ಮೊದಲ ಒಂದೆರಡು ಸಲಕ್ಕೇ ಇಳಿಯುತ್ತೆ ಸಾಮಾನ್ಯವಾಗಿ, ಗಂಟು ತಗ್ಗೋಕೆ ಟೈಮ್ ಬೇಕು. ಹೇಗಾಯ್ತು ಅಂತ ಡಾಕ್ಟರ್ ಕೇಳ್ತಾರೆ, ನಿಜ ಹೇಳು, ನಾವು ದಿನಾ ನೋಡ್ತೀವಿ, ಗಾಬರಿ ಬೀಳಲ್ಲ. ಚಪ್ಪಟೆ ಇರೋ ಹಳೇ ಕಲೆ ಇದ್ದು ಕೆಲಾಯ್ಡ್ ಆಗೋ ಮೈ ಅಲ್ದೇ ಇದ್ರೆ ಟ್ಯಾಟೂ ಹಾಕಿಸ್ಬಹುದು, ಅದೂ ಗಾಯ ವಾಸಿಯಾಗಿ ವರ್ಷದ ಮೇಲೆ ಆದ್ಮೇಲೆ. ನಿಂಗಲ್ಲ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ಸಾಗರದಿಂದ ಬರೀತಿದೀನಿ. ಮಗಳು ಮೊದಲ ಪಿಯುಸಿ. ಏಪ್ರಿಲ್ ಸೆಕೇಲೂ ಪೂರ್ತಿ ತೋಳು ಬಿಡ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚುವಾಗ ತೋಳು ಜಾರಿ ಕಂಡುಬಿಡ್ತು. ನಾನು ಸಿಟ್ಟಲ್ಲಿ ಏನೇನೋ ಅಂದೆ, ಎರಡೇಟೂ ಹಾಕಿದೆ. ಮಾರಿಕಾಂಬೆಗೆ ಹರಕೆ ಹೊತ್ಕೊಂಡೆ, ದಾರ ಮಂತ್ರಿಸಿ ತಂದು ಕಟ್ಟಿದೆ. ಇನ್ಮೇಲೆ ಮಾಡಲ್ಲ ಅಂತ ಆಣೆ ಹಾಕಿಸ್ಕೊಂಡಿದೀನಿ, ದಿನಾ ತೋಳು ಎತ್ತಿಸಿ ನೋಡ್ತೀನಿ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸ್ ಕೇಸ್ ಆಗುತ್ತೆ ಅಂತ ಇವರು ಬೇಡ ಅಂತಾರೆ. ಕಲೆ ಹೋಗೋ ಹಾಗೆ ಏನಾದ್ರೂ ಹೇಳಿ, ಮುಂದೆ ಸಂಬಂಧ ನೋಡ್ಬೇಕಲ್ಲ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಕೊನೇ ಸಾಲಲ್ಲಿರೋದು ಕಲೆ. ಅದಕ್ಕೆ ಆತುರ ಇಲ್ಲ, ಹುಡುಗಿಗೆ ಹದಿನಾರೋ ಹದಿನೇಳೋ, ಕಲೆ ಮಸುಕಾಗೋಕೆ ಬೇಕಾದಷ್ಟು ಟೈಮಿದೆ, ಮೇಲೆ ನರ್ಸಿಂಗ್ ಹುಡುಗಿಗೆ ಬರ್ದಿದ್ದೇ ನಿಮ್ಮ ಮಗಳಿಗೂ ಸಾಕು. ಸಂಬಂಧದ ಮಾತಂತೂ ಈಗ ಅವಳ ಕಿವಿಗೆ ಬೀಳೋದೇ ಬೇಡ.

ಸಿಟ್ಟು ಬಂದಿದ್ದು ನಂಗೆ ಅರ್ಥ ಆಗುತ್ತೆ, ಹೆದರಿಕೆ ಅಮ್ಮಂದಿರಲ್ಲಿ ಸಿಟ್ಟಾಗೇ ಹೊರಗೆ ಬರೋದು. ಆದ್ರೆ ಹೊಡೆದಿದ್ದಕ್ಕೆ ಒಂದ್ಸಲ ಹೋಗಿ ‘ಅವತ್ತು ಹೆದರಿಬಿಟ್ಟೆ ಪುಟ್ಟಿ, ಹೊಡೀಬಾರ್ದಿತ್ತು’ ಅನ್ನಿ. ಹರಕೆ ದಾರ ನಿಮ್ಮ ಸಮಾಧಾನಕ್ಕೆ ಇರ್ಲಿ, ನಾನು ಬೇಡ ಅನ್ನಲ್ಲ. ಆಣೆ ಮಾತ್ರ ಬಿಡಿಸಿ. ಆಣೆ ಹಾಕಿದ ಮಗು ಮತ್ತೊಂದ್ಸಲ ಮಾಡ್ಕೊಂಡ್ರೆ ಹೇಳೋ ದಾರಿಯೇ ಇಲ್ದೆ ಕಾಣದ ಜಾಗಕ್ಕೆ ಹೋಗುತ್ತೆ. ದಿನಾ ತೋಳು ಎತ್ತಿಸಿ ನೋಡೋದೂ ಹಾಗೇ, ಕಳ್ಳನ ತಪಾಸಣೆ ಆಗ್ಬಿಡುತ್ತೆ. ಅದ್ರ ಬದ್ಲು ಆ ಎಣ್ಣೆ ಹಚ್ಚೋದನ್ನ ನಿಲ್ಲಿಸ್ಬೇಡಿ. ತಲೆಗೆ ಎಣ್ಣೆ ತಟ್ಟುವಾಗ ಅವಳ ಬೆನ್ನು ನಿಮ್ಮ ಕಡೆ ಇರುತ್ತೆ, ಮುಖ ನೋಡ್ಬೇಕಾಗಿಲ್ಲ, ಮಾತು ಬರೋದಿದ್ರೆ ಅಲ್ಲೇ ಬರೋದು. ‘ಯಾವಾಗ ಹಾಗನ್ಸುತ್ತೆ?’ ಅಂತ ಕೇಳಿ, ‘ಯಾಕೆ ಮಾಡಿದೆ’ ಅಂತ ಬೇಡ, ಯಾಕೆ ಅಂತ ಅವಳಿಗೇ ಗೊತ್ತಿರಲ್ಲ. ಹೇಳೋಕಾಗದಷ್ಟು ಸಂಕಟ ಆದಾಗ ಮೈ ನೋವಾದ್ರೆ ಒಂದು ಗಳಿಗೆ ಅದು ಮರೀತು ಅನ್ನಿಸುತ್ತೆ, ಅಷ್ಟೇ ಎಷ್ಟೋ ಮಕ್ಕಳಿಗೆ. ಎಲ್ಲರಿಗೂ ಸಾಯೋ ಉದ್ದೇಶ ಇರಲ್ಲ. ಆದ್ರೂ ‘ಸಾಯ್ಬೇಕು ಅಂತ ಯಾವಾಗ್ಲಾದ್ರೂ ಅನ್ನಿಸುತ್ತಾ ಮಗಾ’ ಅಂತ ನೇರವಾಗೇ ಕೇಳಿ, ಕೇಳಿದ್ರೆ ತಲೆಗೆ ಹೊಳೆಯುತ್ತೆ ಅನ್ನೋದು ತಪ್ಪು ನಂಬಿಕೆ. ಹೌದು ಅಂದ್ರೆ ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಹೊರಡಿ. ಏನೇ ಉತ್ತರ ಬರ್ಲಿ, ತೋಟಕ್ಕೆ ಹೊಡೆಯೋ ಔಷಧಿ, ಅಜ್ಜನ ಮಾತ್ರೆ ಡಬ್ಬಿ ಇವತ್ತೇ ಬೀಗದೊಳಗೆ ಇಡಿ, ಬೀಗದ ಕೈ ನಿಮ್ಮ ಸೊಂಟದಲ್ಲಿರ್ಲಿ.

ಪೊಲೀಸ್ ಹೆದರಿಕೆ ಬಗ್ಗೆ ನಿಮ್ಮ ಯಜಮಾನರಿಗೆ ಇದನ್ನ ಓದಿ ಹೇಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರಲ್ಲಿ. ಅದ್ರ 115ನೇ ಸೆಕ್ಷನ್ ಪ್ರಕಾರ ಸಾಯೋಕೆ ಹೋದವರನ್ನೂ ತೀವ್ರ ಒತ್ತಡದಲ್ಲಿದ್ರು ಅಂತಲೇ ಪರಿಗಣಿಸಿ ಆರೈಕೆ ಕೊಡ್ಬೇಕೇ ಹೊರತು ಶಿಕ್ಷೆ ಅಲ್ಲ. ಶಿಕ್ಷೆ ಹೇಳ್ತಿದ್ದ ಹಳೇ ಐಪಿಸಿ 309, 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೇಲಿ ಆ ರೂಪದಲ್ಲಿ ಇಲ್ಲ. ನಿಮ್ಮ ಮಗಳದ್ದು ಆ ಮಟ್ಟದ್ದೂ ಇರ್ಲಿಕ್ಕಿಲ್ಲ. ಕೌನ್ಸೆಲಿಂಗಿಗೆ ಹೋದ ಹುಡುಗಿ ಮನೆಗೆ ಯಾವ ಪೊಲೀಸೂ ಬರಲ್ಲ, ವಿಷ್ಯ ಗುಟ್ಟಾಗಿಡೋದೂ ಅದೇ ಕಾಯ್ದೇಲಿದೆ. ಸಾಗರದಿಂದ ಶಿವಮೊಗ್ಗಕ್ಕೆ ಬರೋದು ಕಷ್ಟ ಆದ್ರೆ ನಿಮ್ಮ ತಾಲೂಕು ಆಸ್ಪತ್ರೇಲಿ ಮನಸ್ಸಿನ ತೊಂದರೆ ನೋಡೋ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಅಂತ ಕೇಳ್ಕೊಂಡು ಹೋಗಿ. ಅಲ್ಲಿವರೆಗೂ ತಡೀದಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅವಳು ಮಾಡ್ಬೇಕಂತಿಲ್ಲ, ನೀವೇ ಮಾಡಿ ನಿಮ್ಮ ಹೆದರಿಕೆ ಹೇಳ್ಕೊಳ್ಳಿ ಮೊದ್ಲು.

ಇನ್ನೊಂದು, ನೆಂಟರ ಮನೆ ಫಂಕ್ಷನ್ನಿಗೆ ಅರ್ಧ ತೋಳು ಹಾಕ್ಕೋ ಅಂತಲೂ ಒತ್ತಾಯ ಬೇಡ, ಮುಚ್ಕೋ ಮುಚ್ಕೋ ಅಂತಲೂ ಬೇಡ. ಅವಳು ಯಾವತ್ತೋ ಒಂದಿನ ತಾನಾಗೇ ಅರ್ಧ ತೋಳಲ್ಲಿ ಹೊರಗೆ ಬಂದ್ರೆ ನೋಡಿದ್ರೂ ನೋಡದ ಹಾಗೆ ‘ತಿಂಡಿಗೆ ಬಾ’ ಅನ್ನಿ.

ಪ್ರಶ್ನೆ: (ಹೆಸರು, ಊರು ಬರೆದಿಲ್ಲ. ಒಂದೇ ಸಾಲಿನ ಪತ್ರ.) ಗಾಯ ಹೊಸದು, ಕಲೆ ಉಳೀಬಾರ್ದು ಅಂದ್ರೆ ಯಾವ ಕ್ರೀಮ್ ಹಚ್ಲಿ?

ಉತ್ತರ: ನಿನ್ನ ವಿಳಾಸ ಇದ್ದಿದ್ರೆ ಇಲ್ಲಿ ಬರೀತಿರಲಿಲ್ಲ, ಅವತ್ತೇ ಪತ್ರ ಹಾಕ್ತಿದ್ದೆ. ಈ ಸಂಚಿಕೆ ಕೈಗೆ ಬರೋ ಹೊತ್ತಿಗೆ ಆ ಗಾಯ ಒಣಗಿರುತ್ತೆ, ಆದ್ರೂ ಬರೀತೀನಿ, ಯಾಕಂದ್ರೆ ನಿನ್ನ ಥರ ಇನ್ನೊಬ್ರು ಇವತ್ತು ಇದನ್ನ ಓದ್ತಿರ್ಬಹುದು. ಹಸಿ ಗಾಯಕ್ಕೆ ಕಾಫಿಪುಡಿ ಮೆತ್ತೋದು, ಅರಿಶಿನ ತುಂಬೋದು ನಮ್ಮ ಕಡೆ ರೂಢಿ, ಎರಡೂ ಬೇಡ, ಪುಡಿ ಒಳಗೇ ಉಳ್ಕೊಂಡು ಕೀವಾಗುತ್ತೆ. ಹರಿಯೋ ನೀರಲ್ಲಿ ತೊಳಿ, ಶುದ್ಧ ಬಟ್ಟೆ ಒತ್ತಿ ಹಿಡಿ, ರಕ್ತ ನಿಂತ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಬ್ಯಾಂಡೇಜ್ ಸುತ್ತು, ಹಕ್ಕಳೆ ಕೀಳ್ಬೇಡ. ಸಿಲಿಕೋನ್, ಸನ್‌ಸ್ಕ್ರೀನ್ ಎಲ್ಲ ಚರ್ಮ ಪೂರ್ತಿ ಕೂಡಿದ ಮೇಲಿನ ಮಾತು. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ನೆನಪಿಲ್ಲ ಅಂದ್ರೆ ಹತ್ರದ ಆರೋಗ್ಯ ಕೇಂದ್ರದಲ್ಲಿ ಹಾಕಿಸ್ಕೋ.

ಮತ್ತೆ ಹಾಗೆ ಮಾಡ್ಕೊಳ್ಬೇಕು ಅನ್ನಿಸಿದಾಗ ಆ ರೂಮಿಂದ ಎದ್ದು ಜನ ಇರೋ ಕಡೆ ಬಂದು ಕೂತ್ಕೋ, ಅಡುಗೆಮನೆ, ಜಗಲಿ, ಬಸ್‌ಸ್ಟಾಂಡಾದ್ರೂ ಸರಿ, ಮುಖಕ್ಕೆ ತಣ್ಣೀರು ಹಾಕ್ಕೋ, 14416ಕ್ಕೆ ಫೋನ್ ಮಾಡು, ಏನ್ ಹೇಳ್ಬೇಕು ಅಂತ ತೋಚದಿದ್ರೆ ‘ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ’ ಅಂತಲೇ ಹೇಳು, ಅವರು ಅಲ್ಲಿಂದ ಮುಂದಕ್ಕೆ ಮಾತಾಡಿಸ್ತಾರೆ. ಆ ತಳಮಳ ಎಷ್ಟೇ ಜೋರಿದ್ರೂ ಏರಿದ್ದು ಇಳಿಯುತ್ತೆ, ಕಾಲು ಗಂಟೆ ಅರ್ಧ ಗಂಟೆ ತಳ್ಳೋಕೆ ನೋಡು, ಅದಾದ್ಮೇಲೆ ಇನ್ನೊಂದು ಕಾಲು ಗಂಟೆ.

ಗಾಯ ಆಳ ಇದ್ರೆ, ಬಾಯಿ ಬಿಟ್ಕೊಂಡಿದ್ರೆ, ಹತ್ತು ನಿಮಿಷ ಒತ್ತಿ ಹಿಡಿದ್ರೂ ರಕ್ತ ನಿಲ್ಲದಿದ್ರೆ, ಸುತ್ತ ಕೆಂಪಾಗಿ ಬಿಸಿ ಆಗಿದ್ರೆ ತಡ ಮಾಡ್ದೆ ಆಸ್ಪತ್ರೆಗೆ ಹೋಗು, ಒಬ್ಬರೇ ಹೋಗೋಕಾಗಲ್ಲ ಅಂದ್ರೆ 108ಕ್ಕೆ ಫೋನ್ ಮಾಡು. ಕಲೆ ಸಣ್ಣದಾಗ್ಬೇಕು ಅಂತ ತಾನೇ ನೀನು ಕೇಳಿದ್ದು, ಅಂಥ ಗಾಯಕ್ಕೆ ಹೊತ್ತಿಗೆ ಸರಿಯಾಗಿ ನೀಟಾಗಿ ಹಾಕಿದ ಹೊಲಿಗೆಗಿಂತ ಒಳ್ಳೇ ಕ್ರೀಮ್ ನಂಗೆ ಗೊತ್ತಿರೋದರಲ್ಲಿ ಯಾವುದೂ ಇಲ್ಲ. ಕ್ಯಾಶುವಲ್ಟಿಲಿ ಯಾರಾದ್ರೂ ಬೈದ್ರೆ ಬೈಲಿ, ಹೊಲಿಗೆ ಹಾಕಿಸ್ಕೊಂಡೇ ಬಾ.